ಹೊಲದ ಮಾತು: ಒಂದು ಪಟ್ಟಿ ಮುಟ್ಟದೆ ಬಿಡಿ

ಮುಂಗಾರು ಶುರುವಾದ ಮೇಲೆ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಕಳೆಯದ್ದೇ ವಿಚಾರ. ಸಂಶೋಧನಾ ಕ್ಷೇತ್ರದಲ್ಲಿ ಸಹಾಯಕಿಯಾಗಿ ಇಪ್ಪತ್ತೆಂಟು ವರ್ಷ ಕಳೆ ಎಣಿಸಿ, ಒಣಗಿಸಿ, ತೂಗಿದವಳು ನಾನು. ಅದಕ್ಕೂ ಮೊದಲು ಅಮ್ಮನ ಹಿಂದೆ ಕೂಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಕಿತ್ತವಳು. ಹಾಗಾಗಿ ಈ ಸಂಚಿಕೆ ಪೂರ್ತಿ ಕಳೆಗೇ ಮೀಸಲು.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಕುಣಿಗಲ್ ಕಡೆ ಎರಡೂವರೆ ಎಕರೆ ಖುಷ್ಕಿ. ಕೂರಿಗೆಯಲ್ಲಿ ರಾಗಿ ಬಿತ್ತುತ್ತೇವೆ. ಕಳೆ ಕೀಳಲು ಆಳು ಸಿಗುವುದೇ ಇಲ್ಲ. ಹೋದ ವರ್ಷ ಅಂಗಡಿಯವರು ಕೊಟ್ಟ ಕಳೆನಾಶಕವನ್ನು ಬಿತ್ತನೆಯಾದ ಮಾರನೇ ದಿನ ಹೊಡೆದೆ. ಕಳೆ ಕಡಿಮೆಯಾಯಿತು ಅಂತ ನನಗೆ ಅನ್ನಿಸಿತು. ಏನೂ ಆಗಲಿಲ್ಲ, ದುಡ್ಡು ದಂಡ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಯಾರ ಮಾತು ಸರಿ?

ಉತ್ತರ: ತಮ್ಮಾ, ಇಬ್ಬರ ಮಾತಿಗೂ ಆಧಾರವಿಲ್ಲ. ಇಡೀ ಹೊಲಕ್ಕೆ ಹೊಡೆದಿದ್ದೀಯ. ಹೊಡೆಯದಿದ್ದರೆ ಎಷ್ಟು ಕಳೆ ಬರುತ್ತಿತ್ತು ಎಂದು ನೋಡುವುದಕ್ಕೆ ಒಂದು ಮೂಲೆಯನ್ನೂ ಉಳಿಸಿಕೊಂಡಿಲ್ಲ. ಬಿತ್ತನೆಯಾದ ಮೇಲೆ ಹದಿನೈದು ದಿನ ಮಳೆ ಕೈಕೊಟ್ಟರೆ ಕಳೆ ತಾನಾಗಿಯೇ ಕಡಿಮೆ ಇರುತ್ತದೆ, ಹೆಸರು ಮಾತ್ರ ಔಷಧಿಗೆ ಬರುತ್ತದೆ. ಜಡಿಮಳೆ ಹಿಡಿದರೆ ಒಳ್ಳೆಯ ಔಷಧಿಗೂ ಕೆಟ್ಟ ಹೆಸರು. ಅದಕ್ಕೇ ಪ್ರಯೋಗದ ಹೊಲದಲ್ಲಿ ಒಂದು ತಾಕನ್ನು, ಅಂದರೆ ಅಳೆದು ಗುರುತಿಟ್ಟ ತುಂಡು ನೆಲವನ್ನು, ಏನೂ ಮಾಡದೆ ಬಿಡುವುದು. ಬಿತ್ತಿದ್ದು ಬಿತ್ತಿದ ಹಾಗೆ, ಕಳೆ ಬೆಳೆದದ್ದು ಬೆಳೆದ ಹಾಗೆ.

ಕೇಳಲು ಸುಲಭ, ಆದರೆ ಅದನ್ನು ಹಾಗೇ ಬಿಡಲು ಬಹಳ ಗಟ್ಟಿ ಮನಸ್ಸು ಬೇಕು. ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹನ್ನೆರಡು ತಾಕಿನ ರಾಗಿ ಪ್ರಯೋಗ. ಮೂವತ್ತನೇ ದಿನದ ಎಣಿಕೆಗೆ ಬೆಳಿಗ್ಗೆ ಹೋದರೆ ಮೂರು ‘ಮುಟ್ಟದ’ ತಾಕುಗಳೂ ಅಂಗೈಯಷ್ಟು ಚೊಕ್ಕ. ನಮ್ಮಲ್ಲಿ ಕೂಲಿಗೆ ಬರುತ್ತಿದ್ದ ಅಜ್ಜಿಯೊಬ್ಬರು ಹಿಂದಿನ ಸಂಜೆ ಮನೆಗೆ ಹೊರಟವರು, ಹಾಗೆ ಕಳೆ ತುಂಬಿದ ಪೈರು ನೋಡಲಾರದೆ, ಕೂಲಿ ಕೇಳದೆ ಕತ್ತಲಾಗುವವರೆಗೂ ಕೂತು ಕಿತ್ತಿದ್ದರು. ‘ರಾಗಿ ಅಳ್ತಾ ಇತ್ತು ಮಗಾ’ ಅಂದರು. ಬೈಯಲು ನನಗೆ ಬಾಯಿ ಬರಲಿಲ್ಲ. ಆ ವರ್ಷದ ಲೆಕ್ಕವೆಲ್ಲ ಹೋಯಿತು. ಮುಂದಿನ ವರ್ಷ ಅವರನ್ನೇ ಕರೆದು, ಈ ಮೂರು ತಾಕು ಯಾಕೆ ಹೀಗಿರಬೇಕು ಎಂದು ವಿವರಿಸಿದೆ. ಆಮೇಲೆ ಬೇರೆ ಯಾರೂ ಅತ್ತ ಕೈ ಹಾಕದಂತೆ ಕಾದವರು ಅವರೇ. ನಿನ್ನ ಮನೆಯಲ್ಲೂ ಮೊದಲು ಈ ಮಾತು ಆಗಲಿ. ಎಲ್ಲರಿಗೂ ಗೊತ್ತಿಲ್ಲದಿದ್ದರೆ ಆ ಪಟ್ಟಿ ಉಳಿಯುವುದಿಲ್ಲ.

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಎಂಬ ಗೋಧಿ ಹೊಲವಿದೆ. 1843ರಿಂದ ಅಲ್ಲಿ ಪ್ರಯೋಗ ನಡೆದೇ ಇದೆ. ಆ ಹೊಲದ ಒಂದು ಭಾಗಕ್ಕೆ ಇವತ್ತಿನವರೆಗೆ ಕಳೆನಾಶಕ ತಾಕಿಸಿಲ್ಲ. ಮಿಕ್ಕ ಭಾಗದಲ್ಲಿ ಔಷಧಿ ಏನು ಮಾಡಿದೆ ಎನ್ನುವುದು ತಿಳಿಯುವುದು ಆ ಭಾಗದಿಂದ. ನಮ್ಮಲ್ಲೂ 1978ರಲ್ಲಿ ಅಖಿಲ ಭಾರತ ಸಮನ್ವಯ ಕಳೆ ನಿಯಂತ್ರಣ ಸಂಶೋಧನಾ ಯೋಜನೆ ಶುರುವಾದಾಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮೊದಲ ಕೇಂದ್ರಗಳಲ್ಲಿ ಒಂದಾಗಿತ್ತು.

ಈಗ ನಿನ್ನ ಹೊಲಕ್ಕೆ ಬರೋಣ. ನಾಲ್ಕೂವರೆ ಗುಂಟೆ ಸಾಕು. ಮೂರು ಬಗೆ ಮಾಡು: ಒಂದು ಮುಟ್ಟದ್ದು, ಒಂದು ಕಳೆನಾಶಕದ್ದು, ಒಂದು ಎಡೆಕುಂಟೆ (ಸಾಲಿನ ನಡುವೆ ಎತ್ತಿನಿಂದ ಎಳೆಸಿ ಕಳೆ ಕೀಳುವ ಕುಂಟೆ) ಹೊಡೆದು ಸಾಲಿನೊಳಗಿನದನ್ನು ಕೈಯಲ್ಲಿ ಕಿತ್ತದ್ದು. ಒಂದೊಂದಕ್ಕೂ ಅರ್ಧ ಗುಂಟೆ, ಅಂದರೆ 5 ಮೀಟರ್ ಅಗಲ, 10 ಮೀಟರ್ ಉದ್ದ. ಉದ್ದ ಕೂರಿಗೆ ಸಾಲಿನ ಗುಂಟ ಇರಲಿ, ಇಲ್ಲದಿದ್ದರೆ ಎತ್ತು ತಿರುಗಿಸುವಾಗ ಪಕ್ಕದ ತಾಕು ತುಳಿದು ಹೋಗುತ್ತದೆ. ಎರಡೂ ತುದಿಯಲ್ಲಿ ತಿರುಗಲು ಜಾಗ ಬಿಡು. ಬಗೆಗೊಂದು ತಾಕು ಮಾಡಿ ನಿಲ್ಲಿಸಬೇಡ. ಖುಷ್ಕಿ ಹೊಲ ಅಂದ ಮೇಲೆ ದಿಣ್ಣೆಯಿದೆ, ತಗ್ಗಿದೆ. ತಗ್ಗಿನಲ್ಲಿ ತೇವವೂ ಹೆಚ್ಚು, ಮೇಲಿಂದ ಕೊಚ್ಚಿ ಬಂದ ಕಳೆಬೀಜವೂ ಹೆಚ್ಚು. ಮುಟ್ಟದ ತಾಕು ತಗ್ಗಿಗೆ ಬಿದ್ದು, ಔಷಧಿಯದು ದಿಣ್ಣೆಗೆ ಬಿದ್ದರೆ ಔಷಧಿ ಸುಮ್ಮನೆ ಗೆದ್ದುಬಿಡುತ್ತದೆ. ಆದ್ದರಿಂದ ಮೇಲೆ ಮೂರು, ನಡುವೆ ಮೂರು, ಕೆಳಗೆ ಮೂರು, ಒಟ್ಟು ಒಂಬತ್ತು ತಾಕು. ಪ್ರತಿ ಮಟ್ಟದಲ್ಲೂ ಮೂರು ಬಗೆಯೂ ಇರಬೇಕು, ಯಾವುದು ಎಲ್ಲಿ ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸು. ‘ಇಲ್ಲಿ ಇದಿದ್ದರೆ ಚೆನ್ನ’ ಅಂತ ನಾವೇ ಆರಿಸಿದರೆ ನಮ್ಮ ಆಸೆಯೂ ಅದರಲ್ಲಿ ಸೇರಿಕೊಳ್ಳುತ್ತದೆ.

ಸಿಂಪಡಿಸುವ ಮೊದಲು ಬರೀ ನೀರು ತುಂಬಿ ಒಂದು ಗುಂಟೆಗೆ ಹೊಡೆದು ನೋಡು. 10 ಮೀಟರ್‌ಗೆ 10 ಮೀಟರ್ ಅಳೆದರೆ ಹೆಚ್ಚುಕಡಿಮೆ ಒಂದು ಗುಂಟೆ. ನಿನ್ನ ಮಾಮೂಲು ನಡಿಗೆಯಲ್ಲಿ ಅಷ್ಟಕ್ಕೆ 5 ಲೀಟರ್ ಹಿಡಿದರೆ ಎಕರೆಗೆ 200 ಲೀಟರ್ ಆಯಿತು. ಎಕರೆಗೆ ಹೇಳಿದ ಔಷಧಿಯನ್ನು ಅಷ್ಟು ನೀರಿಗೆ ಲೆಕ್ಕ ಹಾಕಿ ಬೆರೆಸಬೇಕು. ನಾನು ಕಂಡ ಮಟ್ಟಿಗೆ ಔಷಧಿ ಕೆಲಸ ಮಾಡಲಿಲ್ಲ ಎನ್ನುವ ದೂರುಗಳಲ್ಲಿ ಬಹಳಷ್ಟು ಇಲ್ಲೇ ಇರುತ್ತವೆ. ಬೆನ್ನಿಗೆ ಹಾಕಿಕೊಂಡು ಸಿಂಪಡಿಸುವ ಎಂಟು ಕ್ಯಾನ್‌ನಲ್ಲಿ ಎಕರೆ ಮುಗಿಸಿದವರಿದ್ದಾರೆ. 16 ಲೀಟರ್ ಕ್ಯಾನ್ ಆದರೆ ಹನ್ನೆರಡಕ್ಕಿಂತ ಸ್ವಲ್ಪ ಹೆಚ್ಚೇ ಬೇಕಿತ್ತು. ಕೀಟನಾಶಕ ಹೊಡೆಯುವ, ಉರುಟು ಬೀಳುವ ನಳಿಕೆ ಬೇಡ. ಚಪ್ಪಟೆಯಾಗಿ ಬೀಸಣಿಗೆಯಂತೆ ಬೀಳುವುದು ಬೇಕು. ಕಳೆ ಹುಟ್ಟುವ ಮೊದಲೇ ಹೊಡೆಯುವ ಔಷಧಿಗೆ ನೆಲದಲ್ಲಿ ತೇವ ಇರಲೇಬೇಕು. ಹೊಡೆಯುತ್ತಾ ಹಿಂದಕ್ಕೆ ಹೆಜ್ಜೆ ಇಡು. ನೆಲದ ಮೇಲೆ ಕೂತ ಔಷಧಿಯ ತೆಳು ಪದರವನ್ನು ಕಾಲಿನಿಂದ ಒಡೆದರೆ ಅಲ್ಲಲ್ಲಿ ಹೆಜ್ಜೆಯಷ್ಟೇ ಅಗಲಕ್ಕೆ ಕಳೆ ಏಳುತ್ತದೆ. ಅದನ್ನು ನಾನು ಕಣ್ಣಾರೆ ಎಣಿಸಿದ್ದೇನೆ.

ಮೂವತ್ತನೇ ದಿನ ಎಣಿಕೆ. ಬಿದಿರು ದಬ್ಬೆಯಲ್ಲಿ ಅರ್ಧ ಮೀಟರ್ ಚೌಕದ ಚೌಕಟ್ಟು ಕಟ್ಟು. ತಾಕಿಗೆ ಬೆನ್ನು ಹಾಕಿ ಹಿಂದಕ್ಕೆ ಎಸೆ, ಬಿದ್ದ ಕಡೆ ಎಣಿಸು. ತಾಕಿಗೆ ಎರಡು ಸಲ ಎಸೆದರೂ ಸಾಕು. ಎರಡೂ ಎಸೆತದ ಸರಾಸರಿ ಲೆಕ್ಕವನ್ನು ನಾಲ್ಕರಿಂದ ಗುಣಿಸಿದರೆ ಒಂದು ಚದರ ಮೀಟರಿನದು ಸಿಗುತ್ತದೆ. ಹುಲ್ಲಿನ ಜಾತಿ ಬೇರೆ, ಕೊನ್ನಾರಿ ಗಡ್ಡೆಯ ಜಾತಿ ಬೇರೆ, ಅಗಲ ಎಲೆಯದು ಬೇರೆ ಬರೆದುಕೊ. ಒಟ್ಟು ಮೊತ್ತ ಮಾತ್ರ ಬರೆದರೆ, ಔಷಧಿ ಅಣ್ಣೆಸೊಪ್ಪನ್ನು ಅಳಿಸಿ ಗರಿಕೆಗೆ ದಾರಿ ಮಾಡಿಕೊಟ್ಟದ್ದು ಕಾಣುವುದೇ ಇಲ್ಲ.

ಇಲ್ಲಿ ನಿನ್ನ ಹೆಂಡತಿಯನ್ನು ಕರೆದುಕೊಂಡು ಹೋಗು. ರಾಗಿ ಪೈರನ್ನೂ ಕಾಡುರಾಗಿಯನ್ನೂ ಎಳೆಯದರಲ್ಲಿ ಬೇರ್ಪಡಿಸುವ ಕಣ್ಣು, ಕೂತು ಕಿತ್ತವರಿಗೆ ಇರುವಷ್ಟು ನಿಂತು ಹೊಡೆದವರಿಗೆ ಇರುವುದಿಲ್ಲ. ಕಾಡುರಾಗಿ ನಮ್ಮ ರಾಗಿಯ ಹತ್ತಿರದ ನೆಂಟ. ಬುಡ ಹಿಡಿದು ನೋಡಿದರೆ ಚಪ್ಪಟೆ, ಬೆಳ್ಳಗೆ ಹೊಳೆಯುತ್ತದೆ. ನೆಲಕ್ಕೆ ಒರಗಿ ಸುತ್ತಲೂ ಹರಡಿಕೊಳ್ಳುತ್ತದೆ. ರಾಗಿ ನೆಟ್ಟಗೆ ಏಳುತ್ತದೆ. ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಅಮ್ಮ. ನೆಂಟಸ್ತಿಕೆ ಇಷ್ಟು ಹತ್ತಿರದ್ದಾದ್ದರಿಂದಲೇ ಒಂದನ್ನು ಕೊಂದು ಇನ್ನೊಂದನ್ನು ಉಳಿಸುವ ಔಷಧಿ ಸುಲಭವಾಗಿ ಸಿಗುವುದಿಲ್ಲ. ಪ್ರಮಾಣ ಸ್ವಲ್ಪ ಮೀರಿದರೂ ರಾಗಿಯೇ ಸೊರಗುತ್ತದೆ. ಆದ್ದರಿಂದ ಡಬ್ಬಿಯ ಮೇಲೆ ರಾಗಿ ಎಂದು ಬರೆದಿದೆಯೇ ನೋಡಿಕೊ. ಭತ್ತಕ್ಕೆ ಆಗುತ್ತದೆ ಅಂದರೆ ರಾಗಿಗೂ ಆಗುತ್ತದೆ ಅಂತಲ್ಲ. ನಿನ್ನ ಮಣ್ಣಿಗೆ, ಖುಷ್ಕಿಗೆ ಎಷ್ಟು ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳು.

ಎಣಿಸಿದ ಮೇಲೆ ಚೌಕದೊಳಗಿನ ಕಳೆಯನ್ನು ನೆಲಮಟ್ಟಕ್ಕೆ ಕೊಯ್ದು, ಕಾಗದದ ಚೀಲಕ್ಕೆ ಹಾಕಿ ಗರಿಗರಿಯಾಗುವ ತನಕ ಬಿಸಿಲಿಗಿಟ್ಟು ತೂಗು. ನೂರು ಸಣ್ಣ ಮೊಳಕೆಗಿಂತ ಹತ್ತು ಬಲಿತ ಮುಳ್ಳುಹರಿವೆ ಪೈರಿಗೆ ಹೆಚ್ಚು ಕಂಟಕ, ಅದು ತೂಕದಲ್ಲಿ ಮಾತ್ರ ಗೊತ್ತಾಗುತ್ತದೆ. ಮುಟ್ಟದ ತಾಕಿನಲ್ಲಿ 200 ಗ್ರಾಂ ಬಂದು, ಹೊಡೆದದ್ದರಲ್ಲಿ 50 ಗ್ರಾಂ ಬಂತು ಎಂದಿಟ್ಟುಕೊ. ಆಗ ನೂರಕ್ಕೆ ಎಪ್ಪತ್ತೈದು ಪಾಲು ಕಳೆ ಹತೋಟಿಗೆ ಬಂದಂತೆ. ಆದರೆ ಅಲ್ಲಿಗೇ ನಿಲ್ಲಬೇಡ. ಕೊಯ್ಲಿನಲ್ಲಿ ತಾಕಿನ ಅಂಚಿನ ಎರಡು ಸಾಲು ಬಿಟ್ಟು ಒಳಗಿನದನ್ನು ಬೇರೆಬೇರೆ ಬಡಿದು ಕಾಳೂ ಹುಲ್ಲೂ ತೂಗು. ಕಳೆ ಕಡಿಮೆಯಾಗಿ ತೆಂಡೆಯೂ (ರಾಗಿ ಬುಡದಿಂದ ಒಡೆಯುವ ಕವಲು) ಕಡಿಮೆಯಾಗಿದ್ದರೆ ಆ ಔಷಧಿ ನಮಗೆ ಬೇಡ.

ಪುಸ್ತಕದಲ್ಲಿ ಇನ್ನೊಂದು ಸಾಲು ಇರಲಿ: ಯಾವ ತಾಕಿಗೆ ಯಾರು ಎಷ್ಟು ಹೊತ್ತು ದುಡಿದರು. ಮನೆಯ ಹೆಂಗಸರು ಕಿತ್ತರೆ ಅದಕ್ಕೆ ಖರ್ಚಿಲ್ಲ ಎಂದು ಬರೆಯುವುದನ್ನು ಸಂಶೋಧನೆಯ ವರದಿಗಳಲ್ಲೂ ಕಂಡಿದ್ದೇನೆ. ನನಗೆ ಅದು ಇವತ್ತಿಗೂ ನೋವು ಕೊಡುತ್ತದೆ. ನಿನ್ನ ಹೆಂಡತಿಯ ಬೆನ್ನಿಗೂ ಕೂಲಿ ಹಾಕು. ಆಮೇಲೆ ಯಾವುದು ಅಗ್ಗ, ಯಾವುದು ದುಬಾರಿ ಎಂದು ಇಬ್ಬರೂ ಕೂತು ನೋಡಿ.

ಮತ್ತೊಂದು. ಬಿತ್ತಿದ ಮೊದಲ ನಾಲ್ಕರಿಂದ ಆರು ವಾರವೇ ರಾಗಿಗೆ ಕಷ್ಟಕಾಲ. ಆ ಹೊತ್ತಿನಲ್ಲಿ ಎರಡು ಸಲ ಎಡೆಕುಂಟೆ ಹಾಯಿಸಿದರೆ ಆಮೇಲೆ ಪೈರೇ ಸಾಲು ಕೂಡಿ ನೆರಳು ಮಾಡಿ ಕಳೆಯನ್ನು ತುಳಿಯುತ್ತದೆ. ಎರಡು ತಿಂಗಳಾದ ಮೇಲೆ ಆಳು ಸಿಕ್ಕಿತೆಂದು ಕೀಳಿಸಿದರೆ ಹೊಲ ಚೆಂದ ಕಾಣುತ್ತದೆ ಅಷ್ಟೇ, ರಾಗಿ ಕಳೆದುಕೊಂಡದ್ದು ಬರುವುದಿಲ್ಲ.

ಪ್ರಶ್ನೆ: ನಾವು ಮಾಗಡಿಯವರು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳು ಹಾಕುತ್ತೇವೆ. ಅಗಲ ಎಲೆ ಕಳೆಗೆ 2,4-ಡಿ ಹೊಡೆಯಬಹುದೇ ಅಕ್ಕಾ? ಯಜಮಾನರು ತಂದಿಟ್ಟಿದ್ದಾರೆ.

ಉತ್ತರ: ಬೇಡಮ್ಮ. ಅವರೆ, ಸಾಸಿವೆ, ಹುಚ್ಚೆಳ್ಳು ಮೂರೂ ಅಗಲ ಎಲೆಯವೇ. ಯಾವುದು ಕಳೆ, ಯಾವುದು ಅವರೆ ಎಂದು ಆ ಔಷಧಿಗೆ ತಿಳಿಯದು. ಹುಲ್ಲಿನ ಜಾತಿ ಬಿಟ್ಟು ಮಿಕ್ಕದ್ದೆಲ್ಲ ತಿರುಚಿಕೊಂಡು ಸಾಯುತ್ತದೆ. ಅಕ್ಕಡಿ ಹೊಲಕ್ಕೆ ಎಡೆಕುಂಟೆ, ಕುಡುಗೋಲೇ ಸರಿ. ನಿಮ್ಮ ಹೊಲದಲ್ಲಿ ಕಿತ್ತ ಅಣ್ಣೆಸೊಪ್ಪು, ಗೋಣಿಸೊಪ್ಪು, ಕನ್ನೆಸೊಪ್ಪು ಮಸ್ಸೊಪ್ಪಿಗೆ ಹೋಗುತ್ತದೆ, ಮಿಕ್ಕದ್ದು ಹಸುವಿಗೆ. ಔಷಧಿ ಹೊಡೆದ ಹೊಲದ ಸೊಪ್ಪನ್ನು ಒಲೆಗೂ ಕೊಟ್ಟಿಗೆಗೂ ತರುವಂತಿಲ್ಲ. ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನೀವಾದರೂ ಹಿಡಿಯಿರಿ.

ಪ್ರಶ್ನೆ: ನಮ್ಮೂರ ಗೋಮಾಳ ಪೂರ್ತಿ ಕಾಂಗ್ರೆಸ್ ಗಿಡ. ಯುವಕರ ಸಂಘದಿಂದ ಎರಡು ಸಲ ಕಿತ್ತೆವು, ಮತ್ತೆ ಅಷ್ಟೇ ಬಂತು. ಮೆಕ್ಸಿಕೋ ದುಂಬಿ ಬಿಟ್ಟರೆ ಹೋಗುತ್ತದೆ ಅನ್ನುತ್ತಾರೆ. ನಿಜವೇ? (ಶಿರಾ ತಾಲ್ಲೂಕಿನಿಂದ)

ಉತ್ತರ: ದುಂಬಿ ನಿಜ. 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಬೇರೆ ಬೆಳೆ ತಿನ್ನುವುದಿಲ್ಲವೆಂದು ಪರೀಕ್ಷಿಸಿ, 1984ರಲ್ಲಿ ಹೊರಗೆ ಬಿಟ್ಟರು. ಹೆಸರು ಜೈಗೋಗ್ರಾಮ. ಕೆನೆ ಬಣ್ಣದ ಬೆನ್ನ ಮೇಲೆ ಕಂದು ಬಣ್ಣದ ಅಂಕುಡೊಂಕು ಗೆರೆ. ನಿಮ್ಮ ಗೋಮಾಳದಲ್ಲಿ ಈಗಾಗಲೇ ಇದ್ದರೂ ಇರಬಹುದು. ಮಳೆ ಬಿದ್ದು ಮೂರು ವಾರವಾದ ಮೇಲೆ ಎಲೆಯ ಅಡಿ ತಿರುಗಿಸಿ ನೋಡಿ. ಒಮ್ಮೆ ಸೂರ್ಯಕಾಂತಿ ಎಲೆಯನ್ನೂ ಕಚ್ಚುತ್ತಿದೆ ಎಂಬ ದೂರು ಬಂದು ದೊಡ್ಡ ಗದ್ದಲವೇ ಆಯಿತು. ಪಕ್ಕದ ಕಾಂಗ್ರೆಸ್ ಗಿಡದ ಪರಾಗ ಆ ಎಲೆಗಳ ಮೇಲೆ ಬಿದ್ದದ್ದು ದುಂಬಿಯನ್ನು ಎಳೆದಿತ್ತು ಎಂದು ಪರಿಶೀಲಿಸಿದವರು ಕಂಡುಕೊಂಡರು.

ಆದರೆ ದುಂಬಿಯ ಮೇಲೇ ಭಾರ ಹಾಕಬೇಡಿ. ಬೇಸಿಗೆಯಲ್ಲಿ ಅದು ಮಣ್ಣಿನೊಳಗೆ ಮಲಗಿರುತ್ತದೆ, ಮಳೆಯ ಜೊತೆ ಏಳುತ್ತದೆ. ಅದರ ಸಂತತಿ ಹೆಚ್ಚಿ ಎಲೆ ಬರಿದು ಮಾಡುವಷ್ಟರಲ್ಲಿ ಮೊದಲ ಮಳೆಗೆ ಹುಟ್ಟಿದ ಗಿಡ ಹೂ ಬಿಟ್ಟಿರುತ್ತದೆ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ನೀವು ಎರಡು ಸಲ ಕಿತ್ತರೂ ಮತ್ತೆ ಬಂದದ್ದು ಇದೇ ಬೀಜದಿಂದ. ಕಿತ್ತ ಜಾಗ ಬರಿದಾಗಿದ್ದರೆ ಮೊದಲು ಏಳುವುದು ಅದೇ. ಹಾಗಾಗಿ ಗೋಮಾಳದಲ್ಲಿ ಕೇಳಬೇಕಾದ ಪ್ರಶ್ನೆ, ಕಿತ್ತ ಜಾಗದಲ್ಲಿ ಯಾರು ಕೂರುತ್ತಾರೆ ಎನ್ನುವುದು.

ಇದನ್ನು ನಿಮ್ಮ ಸಂಘವೇ ಪರೀಕ್ಷಿಸಬಹುದು. ಒಂದೇ ಬಗೆಯ ನೆಲದಲ್ಲಿ ಗುಂಟೆಯಷ್ಟರ ನಾಲ್ಕು ತುಂಡು ಮಾಡಿ. ಒಂದನ್ನು ಮುಟ್ಟಬೇಡಿ. ಎರಡನೆಯದರಲ್ಲಿ ನೆಲ ಹಸಿಯಾಗಿದ್ದಾಗ, ಹೂ ಬಿಡುವ ಮೊದಲು, ಬೇರು ಸಮೇತ ಕೀಳಿ. ಮೂರನೆಯದರಲ್ಲಿ ಕಿತ್ತು ಸ್ಟೈಲೋ ಎಂಬ ಮೇವಿನ ಗಿಡದ ಮತ್ತು ಅಂಜನ್ ಹುಲ್ಲಿನ ಬೀಜ ಚೆಲ್ಲಿ. ನಾಲ್ಕನೆಯದರಲ್ಲೂ ಹಾಗೇ ಮಾಡಿ, ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿ. ದನ ಕಾಂಗ್ರೆಸ್ ಗಿಡ ಬಿಟ್ಟು ಎಳೆ ಹುಲ್ಲನ್ನೇ ಆರಿಸಿ ಮೇಯುತ್ತದೆ, ಹಾಗಾಗಿ ಬೀಜ ಚೆಲ್ಲಿದ ಹುಲ್ಲಿಗೆ ತಲೆಯೆತ್ತಲು ಸಮಯ ಬೇಕು. ಬೇಲಿಯದಕ್ಕೂ ಬಯಲಿನದಕ್ಕೂ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿದರೆ, ನಿಮ್ಮೂರಿಗೆ ಬೇಕಾದ್ದು ಬೀಜವೋ, ದನವನ್ನು ಸರದಿಯಲ್ಲಿ ಮೇಯಿಸುವುದೋ ಗೊತ್ತಾಗುತ್ತದೆ. ಒಂದು ವರ್ಷಕ್ಕೆ ತೀರ್ಪು ಕೊಡಬೇಡಿ, ಮೂರು ಮುಂಗಾರು ನೋಡಿ. ನಾವು ಇಂಥದ್ದೊಂದು ಹುಲ್ಲುಗಾವಲ ಪ್ರಯೋಗ ಹಾಕಿದ್ದಾಗ ಎರಡನೇ ವರ್ಷ ಬೇಲಿಯ ಮುಳ್ಳನ್ನು ಯಾರೋ ಸೌದೆಗೆ ಒಯ್ದರು. ಊರವರ ಒಪ್ಪಿಗೆ ಪಡೆಯದೆ ಬೇಲಿ ಹಾಕಿದ್ದು ನಮ್ಮದೇ ತಪ್ಪು. ನೀವು ಮೊದಲು ಗ್ರಾಮಸಭೆಯಲ್ಲಿ ಹೇಳಿ.

ಕೀಳುವವರು ಕೈಗವಸು ಹಾಕಿ, ಮೈತುಂಬ ಬಟ್ಟೆ ಇರಲಿ. ತುರಿಕೆ ಒಮ್ಮೆ ಹತ್ತಿದರೆ ಕೆಲವರಿಗೆ ಜನ್ಮವಿಡೀ ಬಿಡುವುದಿಲ್ಲ. ಅದನ್ನು ತಿಂದ ಹಸುವಿನ ಹಾಲು ಕಹಿಯಾಗುತ್ತದೆ, ಮೇವಿನಲ್ಲಿ ಬೆರೆಯದಂತೆ ನೋಡಿಕೊಳ್ಳಿ.

ಪ್ರಶ್ನೆ: ಹಾವೇರಿ ಜಿಲ್ಲೆಯಿಂದ. ಏಳು ವರ್ಷದಿಂದ ಗೋವಿನಜೋಳ, ಪ್ರತಿ ವರ್ಷ ಅಟ್ರಾಜಿನ್ ಕಳೆನಾಶಕ. ಮೊದಲೆಲ್ಲ ಹೊಲ ಸ್ವಚ್ಛ ಇರುತ್ತಿತ್ತು, ಈಗ ಹುಲ್ಲು ಬರಾಕತ್ತೈತಿ. ಎರಡು ಪಟ್ಟು ಹಾಕಬೇಕೇನ್ರಿ?

ಉತ್ತರ: ಹಾಕಬೇಡಿ ಅಣ್ಣಾ. 50 ಪರ್ಸೆಂಟಿನ ಪುಡಿ ಎಕರೆಗೆ 800 ಗ್ರಾಂ ಹಾಕಿದರೆ ಹೆಕ್ಟೇರಿಗೆ ಸುಮಾರು 1 ಕಿಲೋ ಮೂಲವಸ್ತು (ಕಳೆ ಕೊಲ್ಲುವ ಅಂಶ) ಹೋದಂತಾಯಿತು, ಶಿಫಾರಸು ಇರುವುದೇ ಅಷ್ಟರ ಆಸುಪಾಸಿನಲ್ಲಿ. ಎರಡು ಪಟ್ಟು ಹಾಕಿದರೆ ಮಣ್ಣಿನಲ್ಲಿ ಉಳಿದು ಮುಂದೆ ಹಾಕುವ ದ್ವಿದಳ, ತರಕಾರಿಗೆ ಪೆಟ್ಟು ಕೊಡುತ್ತದೆ. ಒಂದೇ ಔಷಧಿ ಪ್ರತಿ ವರ್ಷ ಹೊಡೆದರೆ, ಅದಕ್ಕೆ ಬಗ್ಗದ ಕಳೆಯೇ ಉಳಿದು ಬೀಜ ಉದುರಿಸುತ್ತದೆ. ಹರಿಯಾಣದ ಗೋಧಿ ಹೊಲಗಳಲ್ಲಿ ಹೀಗೇ ಆಯಿತು. ಭತ್ತ, ಗೋಧಿ, ಮತ್ತೆ ಭತ್ತ, ಗೋಧಿ. ಗೋಧಿಗೆ ವರ್ಷವರ್ಷವೂ ಐಸೋಪ್ರೊಟ್ಯೂರಾನ್ ಎಂಬ ಒಂದೇ ಕಳೆನಾಶಕ. 1990ರ ದಶಕದ ಮೊದಲ ವರ್ಷಗಳಲ್ಲಿ ಗುಲ್ಲಿ ದಂಡಾ ಎಂಬ ಹುಲ್ಲು ಅದಕ್ಕೆ ಜಗ್ಗದಂತಾಗಿ, ಕೆಲವರು ಗೋಧಿಯನ್ನು ಹಸಿರಿರುವಾಗಲೇ ಮೇವಿಗೆ ಕೊಯ್ಯಬೇಕಾಯಿತು. ಔಷಧಿ ಬದಲಿಸಿದ್ದರ ಜೊತೆಗೆ ಬೆಳೆ ಬದಲಿಸಿದ್ದು, ಉಳದೆ ಬೇಗ ಬಿತ್ತಿದ್ದು ಅವರ ಕೈ ಹಿಡಿಯಿತು.

ನಿಮ್ಮ ಹೊಲದ ಹುಲ್ಲು ಅಂಥದ್ದೇ ಎಂದು ಈಗಲೇ ಹೇಳಲಾಗದು. ತೇವವಿಲ್ಲದ ನೆಲಕ್ಕೆ ಹೊಡೆದಿರಬಹುದು. ಮುಂದಿನ ಬಿತ್ತನೆಗೆ ಮೂರು ಪಟ್ಟಿ ಮಾಡಿ: ಮುಟ್ಟದ್ದು, ಅಟ್ರಾಜಿನ್‌ನದು, ಬರೀ ಎಡೆ ಹೊಡೆದದ್ದು. ಇಪ್ಪತ್ತನೇ ದಿನ ಮೊದಲೆರಡರಲ್ಲಿ ಹುಲ್ಲಿನ ಲೆಕ್ಕ ಒಂದೇ ಬಂದರೆ ಆ ಹುಲ್ಲನ್ನು ಬೇರು ಸಮೇತ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಒಯ್ದು ತೋರಿಸಿ. ಒಂದು ವರ್ಷ ಗೋವಿನಜೋಳ ಬಿಟ್ಟು ಸೋಯಾಬೀನೋ ಶೇಂಗಾವೋ ಹಾಕಿ.

ಪ್ರಶ್ನೆ: ಟೊಮೆಟೊ ಗಿಡದ ಚಿಗುರೆಲ್ಲ ದಾರದಂತೆ ಸಣ್ಣಗೆ ತಿರುಚಿಕೊಂಡಿದೆ. ನಂಜು ರೋಗ ಅಂತ ಔಷಧಿ ಹೊಡೆದರೂ ಹೋಗಲಿಲ್ಲ. (ಕೋಲಾರ)

ಉತ್ತರ: ಅದೇ ಕ್ಯಾನ್‌ನಲ್ಲಿ ಹಿಂದೆ ಬದುವಿಗೋ ಜೋಳಕ್ಕೋ 2,4-ಡಿ ಹೊಡೆದಿದ್ದಿರಾ, ನೆನಪು ಮಾಡಿಕೊಳ್ಳಿ. ನಂಜು ರೋಗವಾದರೆ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಶುರುವಾಗಿ ಹಬ್ಬುತ್ತದೆ, ಬಿಳಿನೊಣ ಕಾಣುತ್ತದೆ. ಇದು ನೀವು ನಡೆದ ಸಾಲಿನ ಗುಂಟ, ಎಲ್ಲ ಗಿಡದಲ್ಲೂ ಒಮ್ಮೆಲೇ ಬಂದಿದ್ದರೆ ಕ್ಯಾನ್‌ನದೇ ಕೆಲಸ. ನನ್ನ ಕೈಯಲ್ಲೂ ಒಮ್ಮೆ ಹೀಗಾಗಿತ್ತು. ಬರೀ ನೀರಲ್ಲಿ ಎರಡು ಸಲ ಜಾಲಿಸಿದ ಕ್ಯಾನ್‌ನಲ್ಲಿ ನಮ್ಮ ಹಿತ್ತಲ ಅವರೆಗೆ ಹುಳದ ಔಷಧಿ ಹೊಡೆದೆ, ಮೂರನೇ ದಿನಕ್ಕೆ ಕುಡಿಯೆಲ್ಲ ಹಂದಿ ಬಾಲದಂತೆ ಸುರುಳಿ. ಅಮ್ಮ ಹಾಕಿದ್ದ ಅವರೆ ಅದು, ಒಂದು ಕಾಯಿಯೂ ಬಿಡಲಿಲ್ಲ. ಅಳಿದುಳಿದದ್ದು ತೆಗೆಯಲು ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿ ರಾತ್ರಿಯಿಡೀ ಬಿಟ್ಟು, ಪೈಪು, ನಳಿಕೆಯಿಂದಲೂ ಅದನ್ನೇ ಹಾಯಿಸಿ, ಆಮೇಲೆ ಎರಡು ಮೂರು ಸಲ ತಿಳಿನೀರಲ್ಲಿ ತೊಳೆಯಬೇಕು. ತೊಳೆದ ನೀರನ್ನು ಕೆರೆ, ಬಾವಿಯ ಹತ್ತಿರ ಚೆಲ್ಲಬೇಡಿ. ಕೈಲಾದರೆ ಕಳೆನಾಶಕಕ್ಕೆಂದೇ ಬೇರೆ ಕ್ಯಾನ್ ಇಟ್ಟು, ಮುಚ್ಚಳಕ್ಕೆ ಕೆಂಪು ಬಣ್ಣ ಬಳಿಯಿರಿ. ಮನೆಯಲ್ಲಿ ಓದು ಬಾರದವರಿದ್ದರೂ ಅವರಿಗೂ ಗುರುತು ಸಿಗುವಂತಿರಲಿ.